ಬಯಲುಸೀಮೆಯಲ್ಲಿ ಮಳೆಯಿಲ್ಲದ ದಿನಗಳ ಲೆಕ್ಕವನ್ನೂ ಇಡಬೇಕು

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ, ತೊಗರಿ, ಸ್ವಲ್ಪ ಸಜ್ಜೆ ಬೆಳೆಯುತ್ತೇವೆ. ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ಒಳ್ಳೆಯ ಮಳೆ ದಾಖಲಾದ ದಿನವೂ ಎಷ್ಟೋ ಸಲ ನಮ್ಮ ಹೊಲದಲ್ಲಿ ಧೂಳು ಕೂಡ ಅಡಗಿರುವುದಿಲ್ಲ. ಮೊದಲಿನಷ್ಟು ಮಳೆ ಈಗಿಲ್ಲ, ಬಿಸಿಲು ಮಾತ್ರ ಏರುತ್ತಿದೆ ಎಂದು ಹಿರಿಯರು ಹೇಳುತ್ತಾರೆ. ಪ್ರೌಢಶಾಲೆಯ ಮಕ್ಕಳನ್ನು ಜೊತೆಗಿಟ್ಟುಕೊಂಡು ನಾವೇ ಮಳೆ ಮತ್ತು ಉಷ್ಣಾಂಶದ ದಾಖಲೆ ಇಡಬೇಕೆಂದಿದ್ದೇವೆ. ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು, ಎಷ್ಟು ವರ್ಷದ ಮೇಲೆ ಏನಾದರೂ ಖಚಿತವಾಗಿ ಹೇಳಬಹುದು?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಪಂಚಾಯಿತಿಯ ಮಾಪಕದಲ್ಲಿ ಮಳೆ ದಾಖಲಾಗಿ ನಿಮ್ಮ ಹೊಲ ಒಣಗಿಯೇ ಇರುವುದರಲ್ಲಿ ಮಾಪಕದ ತಪ್ಪೇ ಇರಬೇಕೆಂದೇನೂ ಇಲ್ಲ. ನೈಋತ್ಯದಿಂದ ಬರುವ ಮುಂಗಾರು ಗಾಳಿ ತನ್ನ ತೇವಾಂಶದ ಬಹುಪಾಲನ್ನು ಪಶ್ಚಿಮ ಘಟ್ಟದ ಮೇಲೆಯೇ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆಯಾದರೆ, ಅಲ್ಲಿಂದ ಪೂರ್ವಕ್ಕೆ ಇನ್ನೂರು ಕಿಲೋಮೀಟರಿನೊಳಗೇ ಇರುವ ನಿಮ್ಮ ತಾಲ್ಲೂಕಿಗೆ ಅದರ ಹದಿನೈದರಲ್ಲೊಂದು ಪಾಲು ಸಿಕ್ಕುವುದೂ ಕಷ್ಟ. ಹೀಗೆ ಮಳೆಯ ನೆರಳಿನಲ್ಲಿರುವ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಭಾಗಕ್ಕೆ ಜೂನ್, ಜುಲೈ ತಿಂಗಳಲ್ಲಿ ಬರುವುದು ಹೆಚ್ಚಾಗಿ ಮೋಡ ಮತ್ತು ಗಾಳಿ. ನಿಜವಾದ ಮಳೆ ಮೇ ತಿಂಗಳಿನ ಗುಡುಗು ಮಳೆಯಾಗಿ ಸ್ವಲ್ಪ, ಆಮೇಲೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬಹುಪಾಲು ಬರುತ್ತದೆ. ಈ ಎರಡೂ ಕಾಲದ ಮಳೆ ತರುವುದು ಗುಡುಗಿನ ಮೋಡಗಳು. ಅಂಥ ಒಂದು ಮೋಡದ ಹರವು ಕೆಲವೇ ಕಿಲೋಮೀಟರ್. ಆದ್ದರಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಮಾಪಕ ಸರಿಯಾಗಿಯೇ ಅಳೆದಿದ್ದರೂ ಅದು ಅಳೆದದ್ದು ನಿಮ್ಮ ಹೊಲದ ಮಳೆಯನ್ನಲ್ಲ. ಒಂದು ದಿನದ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಒಂದು ಋತುವಿನ ಮೊತ್ತದಲ್ಲಿ ಬಹಳಷ್ಟು ಸರಿಹೋಗುತ್ತದೆ. ಋತುವಿನ ಮೊತ್ತದಲ್ಲೂ, ವರ್ಷದಿಂದ ವರ್ಷಕ್ಕೂ ಅಂತರ ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ಮಾಪಕವನ್ನು ಅನುಮಾನಿಸಬಹುದು.

ಈ ವಿಷಯದಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಮುಂದಿದೆ ಎಂಬುದನ್ನು ಹೇಳಲೇಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವೆಂದು ಆರಂಭವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಇಷ್ಟು ಒತ್ತೊತ್ತಾದ ಜಾಲ ಇರುವಾಗ ನೀವು ಪ್ರತ್ಯೇಕವಾಗಿ ಅಳೆಯುವ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ಈ ಜಾಲದ ಆಯುಸ್ಸು ಇನ್ನೂ ಚಿಕ್ಕದು, ನಿಮ್ಮ ಮಣ್ಣು ಮತ್ತು ಬೆಳೆಯ ಸ್ಥಿತಿಯನ್ನು ಅದು ಬರೆದಿಡುವುದಿಲ್ಲ, ಮತ್ತು ಯಂತ್ರದ ಲೆಕ್ಕವನ್ನು ತಾಳೆ ನೋಡಲು ಕೈಯಿಂದ ಅಳೆದ ಲೆಕ್ಕಕ್ಕಿಂತ ಉತ್ತಮವಾದದ್ದು ಇನ್ನೂ ಇಲ್ಲ. ಸ್ವಯಂಚಾಲಿತ ಮಾಪಕದೊಳಗೆ ಒಂದು ಪುಟ್ಟ ಜೋಡಿ ಬಟ್ಟಲಿರುತ್ತದೆ. ಒಂದು ಕಡೆ ನಿಗದಿತ ನೀರು ತುಂಬಿದೊಡನೆ ಅದು ಮಗುಚಿ ಇನ್ನೊಂದು ಕಡೆ ತುಂಬತೊಡಗುತ್ತದೆ, ಮಗುಚಿದ ಸಂಖ್ಯೆಯೇ ಮಳೆಯ ಲೆಕ್ಕ. ಬಿರುಸಾದ ಗುಡುಗು ಮಳೆಯಲ್ಲಿ ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ ಮಳೆ ಕಡಿಮೆಯಾಗಿ ದಾಖಲಾಗುತ್ತದೆ. ಹಕ್ಕಿಯ ಹಿಕ್ಕೆ, ಎಲೆ, ಬೇಸಿಗೆಯ ಧೂಳು ಕೊಳವೆಯನ್ನು ಕಟ್ಟಿದರಂತೂ ಮಳೆ ನಿಂತ ಗಂಟೆಗಳ ನಂತರವೂ ತೊಟ್ಟಿಕ್ಕುತ್ತಾ ಸೋನೆ ಮಳೆ ಸುರಿದಂತೆ ತೋರಿಸುತ್ತದೆ.

ಈಗ ನಿಮ್ಮ ಸ್ವಂತ ಮಾಪಕದ ಮಾತು. ಭಾರತ ಹವಾಮಾನ ಇಲಾಖೆ ಬಳಸುವ ಸಾದಾ ಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಕೃಷಿ ಉಪಕರಣ ಮಾರುವವರಲ್ಲಿ ಇದೇ ಮಾದರಿ ಸಿಗುತ್ತದೆ. ಸಿಗದಿದ್ದರೂ ಚಿಂತೆಯಿಲ್ಲ: 16 ಸೆಂ.ಮೀ. ವ್ಯಾಸದ ಆಲಿಕೆಯ ಬಾಯಿ ಹೆಚ್ಚುಕಡಿಮೆ ಅಷ್ಟೇ ವಿಸ್ತೀರ್ಣದ್ದು. ಅದರಡಿ ಕಿರಿದಾದ ಕೊರಳಿನ ಬಾಟಲಿ ಇಟ್ಟು, ಸಂಗ್ರಹವಾದ ನೀರನ್ನು ಶಾಲೆಯ ಪ್ರಯೋಗಾಲಯದ ಅಳತೆ ಜಾಡಿಯಲ್ಲಿ ಅಳೆದರೆ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಬೇರೆ ಅಳತೆಯ ಆಲಿಕೆಯಾದರೆ ಮಿಲಿಲೀಟರನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿ ಹತ್ತರಿಂದ ಗುಣಿಸಿದರಾಯಿತು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಲೆಕ್ಕವೇ ಅಲ್ಲ. ಬಾಯಿ ತೆರೆದ ಡಬ್ಬಿ ಮಾತ್ರ ಬೇಡ. ನಿಮ್ಮಲ್ಲಿಯ ಒಣ ಹವೆಯಲ್ಲಿ ರಾತ್ರಿ ಬಿದ್ದ ಒಂದೆರಡು ಮಿಲಿಮೀಟರ್ ಮಳೆ ಬೆಳಿಗ್ಗೆ ಅಳೆಯುವಷ್ಟರಲ್ಲಿ ಗಣನೀಯವಾಗಿ ಆವಿಯಾಗಿರಬಹುದು. ಆಲಿಕೆ ಮತ್ತು ಕಿರಿದಾದ ಕೊರಳು ಅದನ್ನು ತಡೆಯುತ್ತವೆ.

ಮಾಪಕವನ್ನು ಎಲ್ಲಿ ಇಡುತ್ತೀರಿ ಎಂಬುದು ಅದರ ಬೆಲೆಗಿಂತ ಮುಖ್ಯ. ತಾರಸಿಯ ಮೇಲೆ ಇಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಜಿಲ್ಲೆಯ ಗಾಳಿ ಎಂಥದ್ದೆಂಬುದಕ್ಕೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಅಂಥ ಗಾಳಿಗೆ ಎತ್ತರದಲ್ಲಿಟ್ಟ ಮಾಪಕದ ಬಾಯಿಯ ಸುತ್ತ ಸುಳಿ ಎದ್ದು, ತುಂತುರಿನ ಸಣ್ಣ ಹನಿಗಳು ಒಳಗೆ ಬೀಳದೆ ಆಚೆಗೆ ತೇಲಿಹೋಗುತ್ತವೆ. ಆದ್ದರಿಂದ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿರಲಿ, ಅದಕ್ಕಿಂತ ಕೆಳಗಾದರೆ ನೆಲಕ್ಕೆ ಬಡಿದು ಚಿಮ್ಮಿದ ಹನಿ ಒಳಸೇರುತ್ತದೆ. ಸುತ್ತಲಿನ ಮರ, ಗೋಡೆ, ನೀರಿನ ಟ್ಯಾಂಕು ಯಾವುದೇ ಇರಲಿ, ಅದರ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಪಕ್ಕದ ಬೇವಿನ ಸಸಿ ಇಂದು ಮೊಣಕಾಲೆತ್ತರ ಇದ್ದರೂ ಹದಿನೈದು ವರ್ಷದಲ್ಲಿ ಅದು ಮಾಪಕಕ್ಕೆ ಕೊಡೆ ಹಿಡಿದು ನಿಮ್ಮೂರಿನಲ್ಲಿ ಮಳೆ ಕಡಿಮೆಯಾಗುತ್ತಿದೆ ಎಂದು ಸುಳ್ಳು ಹೇಳಿಸುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಯುಗಾದಿಯ ವೇಳೆಗೆ ಎಂದಿಟ್ಟುಕೊಳ್ಳಿ, ಮಾಪಕದ ಬಳಿ ನಿಂತು ನಾಲ್ಕೂ ದಿಕ್ಕಿಗೆ ಫೋಟೊ ತೆಗೆದು ದಾಖಲೆಯ ಜೊತೆ ಇಡಿ. ಮುಂದೆ ಯಾರಾದರೂ ನಿಮ್ಮ ಅಂಕಿಗಳನ್ನು ಪರಿಶೀಲಿಸುವಾಗ ಆ ಫೋಟೊಗಳು ಅಂಕಿಗಳಷ್ಟೇ ಬೆಲೆ ಬಾಳುತ್ತವೆ.

ಅಳೆಯುವ ಹೊತ್ತು ಬೆಳಿಗ್ಗೆ 8:30. ದೇಶದಾದ್ಯಂತ ಹವಾಮಾನ ಇಲಾಖೆಯ ದಿನ ಮುಗಿಯುವುದು ಆ ಹೊತ್ತಿಗೆ, ಮತ್ತು ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ತಾರೀಖಿನಲ್ಲಿ ಬರೆಯುವುದು ಪದ್ಧತಿ. 14ರ ಸಂಜೆ ಸುರಿದ ಮಳೆ 15ರ ಲೆಕ್ಕಕ್ಕೆ ಹೋಗುತ್ತದೆ. ಪಂಚಾಯಿತಿಯ ಅಂಕಿಗೂ ನಿಮ್ಮ ನೆನಪಿಗೂ ತಾಳೆಯಾಗದ ಸಂದರ್ಭಗಳಲ್ಲಿ ಕೆಲವಕ್ಕಾದರೂ ಈ ತಾರೀಖಿನ ಗೊಂದಲವೇ ಕಾರಣವಾಗಿರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಮಳೆ ಬಾರದ ದಿನವೂ ಮಾಪಕದ ಬಳಿಗೆ ಹೋಗಿ ನೋಡಿ ಸೊನ್ನೆ ಎಂದು ಬರೆಯಬೇಕು. ಹೋಗಲಾಗದ ದಿನಕ್ಕೆ ಅಡ್ಡಗೆರೆ ಎಳೆಯಬೇಕು, ಸೊನ್ನೆ ಹಾಕಬಾರದು. ಒದ್ದೆಯಾಗಿದ್ದೂ ಅಳೆಯಲಾಗದಷ್ಟು ಹನಿ ಇದ್ದರೆ ಅದಕ್ಕೂ ಒಂದು ಗುರುತು ಇರಲಿ. ಮಲೆನಾಡಿನಲ್ಲಿ ಆಷಾಢದ ಎರಡು ದಿನದ ಅಳತೆ ತಪ್ಪಿದರೆ ಪುಸ್ತಕದಲ್ಲಿ ಎರಡು ಅಂಕಿ ಕಡಿಮೆಯಾಗುತ್ತವೆ ಅಷ್ಟೆ. ನಿಮ್ಮಲ್ಲಿ ಅದೇ ಎರಡು ದಿನಗಳು ಒಂದು ಒಣ ಅವಧಿಯನ್ನು ಮುರಿದವೋ ಇಲ್ಲವೋ ಎಂಬುದೇ ತಿಳಿಯದೆ, ಆ ಇಡೀ ತಿಂಗಳ ಲೆಕ್ಕ ನಿರರ್ಥಕವಾಗಬಹುದು. ಏಕೆಂದರೆ ಒಣಭೂಮಿಯಲ್ಲಿ ವರ್ಷದ ಒಟ್ಟು ಮಳೆಯಷ್ಟು ಕಡಿಮೆ ಉಪಯೋಗದ ಅಂಕಿ ಇನ್ನೊಂದಿಲ್ಲ. ಪತ್ರಿಕೆಗಳೂ ಅಧಿಕಾರಿಗಳೂ ಅದನ್ನೇ ಹಿಡಿದು ಮಾತನಾಡುತ್ತಾರೆ. ಬೆಳೆಗೆ ಮಾತ್ರ ಬೇಕಾದದ್ದು ಒಂದು ಹದ ಮಳೆಗೂ ಮುಂದಿನ ಹದ ಮಳೆಗೂ ನಡುವಿನ ಅಂತರ.

ಒಂದು ಸರಳ ಲೆಕ್ಕ ಮಾಡೋಣ. ಅರ್ಧ ಮೀಟರ್ ಆಳದ ಕೆಂಪು ಮರಳುಮಿಶ್ರಿತ ಮಣ್ಣು ಚೆನ್ನಾಗಿ ನೆನೆದಾಗ ಬೇರಿಗೆ ದಕ್ಕುವಂತೆ ಹಿಡಿದಿಟ್ಟುಕೊಳ್ಳುವ ನೀರು ಸುಮಾರು 50ರಿಂದ 60 ಮಿ.ಮೀ. ಹೂವಿನ ಹಂತ ದಾಟಿದ ಶೇಂಗಾ ದಿನಕ್ಕೆ 4ರಿಂದ 5 ಮಿ.ಮೀ. ನೀರು ಬಳಸುತ್ತದೆ. ಅಂದರೆ ಮಣ್ಣಿನ ಉಗ್ರಾಣ ಪೂರ್ತಿ ತುಂಬಿದ್ದರೂ ಅದು ಹತ್ತರಿಂದ ಹದಿನೈದು ದಿನದ ದಾಸ್ತಾನು. ಸೂಜಿ, ಅಂದರೆ ಹೂವಿನಿಂದ ಹೊರಟು ತುದಿಯಲ್ಲಿ ಕಾಯಿ ಕಟ್ಟುವ ಎಳೆ, ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿನಲ್ಲಿ ಇಪ್ಪತ್ತು ದಿನದ ಅಂತರ ಬಿದ್ದರೆ, ಆಮೇಲೆ ಒಂದೇ ರಾತ್ರಿ 80 ಮಿ.ಮೀ. ಸುರಿದು ವಾಡಿಕೆ ಮಳೆ ಭರ್ತಿಯಾದರೂ ಕಾಯಿ ಕಟ್ಟುವುದಿಲ್ಲ. ಆ 80 ಮಿ.ಮೀ.ನಲ್ಲಿ ಸಾಕಷ್ಟು ನೀರು ಹಳ್ಳದ ಪಾಲಾಗುತ್ತದೆ. ವರ್ಷದ ಮೊತ್ತ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಎರೆ ಭೂಮಿಯ ಲೆಕ್ಕ ಬೇರೆ, ಅದು ಇದರ ಎರಡರಷ್ಟಕ್ಕೂ ಹೆಚ್ಚು ನೀರನ್ನು ಹಿಡಿಯಬಲ್ಲದು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಕೂಡ ಮಣ್ಣಿನ ಈ ವ್ಯತ್ಯಾಸವನ್ನು ಒಪ್ಪುತ್ತದೆ: ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ವಾರಗಳು ಹಗುರ ಮಣ್ಣಿನಲ್ಲಿ ಸತತವಾಗಿ ಮೂರು, ಭಾರಿ ಮಣ್ಣಿನಲ್ಲಿ ನಾಲ್ಕು ಬಂದರೆ ಅದನ್ನು ಒಣ ಅವಧಿ ಎಂದು ಪರಿಗಣಿಸುತ್ತದೆ. ಆದರೆ ಮೇಲಿನ ಲೆಕ್ಕದ ಪ್ರಕಾರ ಆಳವಿಲ್ಲದ ಕೆಂಪು ಭೂಮಿಗೆ ಮೂರು ವಾರವೂ ತಡವೇ.

ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನ ಮಳೆಯ ದಿನ. ಇತರರೊಡನೆ ಹೋಲಿಸಲು ನೀವೂ ಆ ಗೆರೆಯನ್ನೇ ಬಳಸಿ, ಆದರೆ ಅದರ ಜೊತೆಗೆ 10 ಮಿ.ಮೀ. ದಾಟಿದ ದಿನಗಳನ್ನು ಬೇರೆಯಾಗಿ ಗುರುತಿಸಿ. ಬಿಸಿಲೂ ಗಾಳಿಯೂ ಸೇರಿ ದಿನಕ್ಕೆ 5ರಿಂದ 6 ಮಿ.ಮೀ. ಆವಿಯಾಗಿಸುವ ನೆಲದಲ್ಲಿ 3 ಮಿ.ಮೀ. ಮಳೆ ಮೇಲ್ಮಣ್ಣನ್ನು ಒದ್ದೆ ಮಾಡಿ ಮಧ್ಯಾಹ್ನದೊಳಗೆ ಮಾಯವಾಗುತ್ತದೆ, ಕಳೆಗೆ ಹೊರತು ಬೆಳೆಗೆ ಅದರಿಂದ ಲಾಭವಿಲ್ಲ. ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರನ್ನೂ ಬರೆಯಿರಿ. ಇದು ಹಳೆಯದರ ಮೇಲಿನ ಮೋಹಕ್ಕಾಗಿ ಹೇಳಿದ್ದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗುವ ಮಳೆಗಳು ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ ಭಾಗಗಳಾಗಿ ಒಡೆಯುತ್ತವೆ, ಮತ್ತು ಮೇಲೆ ಲೆಕ್ಕ ಹಾಕಿದ ಮಣ್ಣಿನ ದಾಸ್ತಾನಿನ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ತಿಂಗಳ ಮೊತ್ತಕ್ಕಿಂತ ನಕ್ಷತ್ರದ ಮೊತ್ತ ಒಣಭೂಮಿಯ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ. ಅಲ್ಲದೆ ಇಂಥ ವರ್ಷ ಉತ್ತರೆ ಮಳೆ ಕೈಕೊಟ್ಟಿತ್ತು ಎಂದು ಹಿರಿಯರು ಹೇಳುವುದನ್ನು ನಿಮ್ಮ ಅಂಕಿಗಳ ಜೊತೆ ನೇರವಾಗಿ ಇಟ್ಟು ನೋಡಬಹುದು. ಸರ್ಕಾರದ ವಾರದ ವರದಿಯೊಡನೆ ಹೋಲಿಸಲು ಜನವರಿ 1ರಿಂದ ಎಣಿಸುವ 52 ವಾರಗಳ ಇನ್ನೊಂದು ಅಂಕಣ ಇದ್ದರೆ ಸಾಕು.

ಉಷ್ಣಾಂಶ ಅಳೆಯುವುದು ಮಳೆ ಅಳೆಯುವುದಕ್ಕಿಂತ ಕಷ್ಟ. ಪಡಸಾಲೆಯ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಗೋಡೆಯ ಬಿಸಿಯನ್ನು ಹೇಳುತ್ತದೆ, ಬಿಸಿಲಿನಲ್ಲಿಟ್ಟದ್ದು ತನ್ನದೇ ಬಿಸಿಯನ್ನು. ಗಾಳಿಯ ಉಷ್ಣಾಂಶ ಬೇಕಾದರೆ ಬಿಳಿ ಬಣ್ಣ ಬಳಿದ, ನಾಲ್ಕೂ ಕಡೆ ಓರೆಪಟ್ಟಿಗಳ ಮೂಲಕ ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ, ಬಾಗಿಲು ಉತ್ತರಕ್ಕಿರುವಂತೆ ಇಡಬೇಕು. ಊರಿನ ಬಡಗಿಯೇ ಇದನ್ನು ಮಾಡಿಕೊಡಬಲ್ಲರು. ಸಿಮೆಂಟು ಅಂಗಳ, ತಗಡಿನ ಮಾಡು ಹತ್ತಿರ ಬೇಡ. ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಉಪಕರಣ ಸಾಕು, ಆದರೆ ಕಡಿಮೆ ಬೆಲೆಯವು ಒಂದು ಡಿಗ್ರಿಯವರೆಗೂ ತಪ್ಪು ತೋರಿಸಬಹುದು. ತಂತಿಯ ತುದಿಯ ಸಂವೇದಕ ನೀರು ತಾಳುವಂಥದ್ದಾದರೆ ವರ್ಷಕ್ಕೊಮ್ಮೆ ಅದನ್ನು ಪುಡಿ ಐಸ್ ಮತ್ತು ಸ್ವಲ್ಪ ನೀರಿನ ಮಿಶ್ರಣದಲ್ಲಿ ಅದ್ದಿ, ಸೊನ್ನೆಗಿಂತ ಎಷ್ಟು ಆಚೀಚೆ ತೋರಿಸುತ್ತದೆ ಎಂಬುದನ್ನು ಬರೆದಿಡಿ. ಬೆಳಿಗ್ಗೆ 8:30ಕ್ಕೆ ಮಾತ್ರ ಓದುವುದಾದರೆ ಕಾಣುವ ಗರಿಷ್ಠ ಉಷ್ಣಾಂಶ ಹಿಂದಿನ ದಿನದ ಮಧ್ಯಾಹ್ನದ್ದು ಎಂಬುದು ನೆನಪಿರಲಿ.

ನಿಮ್ಮ ಅಂಕಿಗಳನ್ನು ಚಿತ್ರದುರ್ಗದಲ್ಲಿರುವ ಹವಾಮಾನ ಇಲಾಖೆಯ ವೀಕ್ಷಣಾಲಯದ ಅಂಕಿಗಳೊಡನೆ ಹೋಲಿಸುವಾಗ ಎತ್ತರದ ವ್ಯತ್ಯಾಸವನ್ನು ಗಮನಿಸಬೇಕು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದ್ದರೆ ಚಳ್ಳಕೆರೆ ಸುಮಾರು 585 ಮೀಟರ್. ಈ ಇಳಿಜಾರೊಂದರಿಂದಲೇ ನಿಮ್ಮಲ್ಲಿ ಸುಮಾರು ಒಂದು ಡಿಗ್ರಿ ಹೆಚ್ಚು ಸೆಕೆ ಇರುವುದು ಸಹಜ, ಅದನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಬೇಕಾಗಿಲ್ಲ.

ಮಳೆಯ ಅಂತರದ ದಿನಗಳಲ್ಲಿ ಉಷ್ಣಾಂಶ ಎಷ್ಟಿತ್ತು ಎಂಬುದನ್ನು ಜೋಡಿಸಿ ನೋಡಿದಾಗ ಈ ಎರಡು ದಾಖಲೆಗಳ ನಿಜವಾದ ಉಪಯೋಗ ತಿಳಿಯುತ್ತದೆ. ಮೋಡ ಚದುರಿ ಬಿಸಿಲು ಬಿದ್ದರೆ ಗರಿಷ್ಠ ಉಷ್ಣಾಂಶ ಏರುತ್ತದೆ, ಗಾಳಿ ನೀರಾವಿಯನ್ನು ಹೀರುವ ಶಕ್ತಿ ಪ್ರತಿ ಡಿಗ್ರಿಗೆ ಸುಮಾರು ಶೇ. 7ರಂತೆ ಹೆಚ್ಚುತ್ತದೆ, ಮಣ್ಣಿನ ದಾಸ್ತಾನು ಇನ್ನೂ ಬೇಗ ಕರಗುತ್ತದೆ. ಹತ್ತು ದಿನದ ಅಂತರ ಮೋಡದ ಮರೆಯಲ್ಲಿ ಕಳೆದದ್ದಕ್ಕೂ ಕೆಂಡದಂಥ ಬಿಸಿಲಿನಲ್ಲಿ ಕಳೆದದ್ದಕ್ಕೂ ಬೆಳೆಯ ಲೆಕ್ಕದಲ್ಲಿ ಅಜಗಜಾಂತರ. ಕನಿಷ್ಠ ಉಷ್ಣಾಂಶವನ್ನೂ ಕಡೆಗಣಿಸಬೇಡಿ. ರಾತ್ರಿಯ ಸೆಕೆ ಹೆಚ್ಚಿದಷ್ಟೂ ಗಿಡ ಹಗಲಿನಲ್ಲಿ ಗಳಿಸಿದ್ದನ್ನು ಉಸಿರಾಟಕ್ಕೇ ಹೆಚ್ಚು ಖರ್ಚು ಮಾಡುತ್ತದೆ.

ಇನ್ನು ಹಿರಿಯರ ಮಾತು, ಎಷ್ಟು ವರ್ಷ ಬೇಕೆಂಬ ಪ್ರಶ್ನೆ. ಎರಡಕ್ಕೂ ಮಳೆ ಮತ್ತು ಉಷ್ಣಾಂಶಗಳಲ್ಲಿ ಬೇರೆ ಬೇರೆ ಉತ್ತರವಿದೆ. ಒಣ ಪ್ರದೇಶದ ವಾರ್ಷಿಕ ಮಳೆ ಸರಾಸರಿಯ ಆಚೀಚೆ ಶೇ. 30ರಷ್ಟು ಓಲಾಡುವುದು ಸಾಮಾನ್ಯ. ಅಂಥ ಓಲಾಟದಲ್ಲಿ ಹತ್ತು ವರ್ಷದ ಒಂದು ಸರಾಸರಿಗೂ ಮುಂದಿನ ಹತ್ತು ವರ್ಷದ ಸರಾಸರಿಗೂ ಶೇ. 25ರಷ್ಟು ಅಂತರ ಕಂಡರೂ ಅದು ಬರೀ ಕಾಕತಾಳೀಯ ಆಗಿರಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಹವಾಮಾನ ತಜ್ಞರು ವಾಡಿಕೆಯನ್ನು ಕನಿಷ್ಠ 30 ವರ್ಷದ ಅಂಕಿಗಳಿಂದ ಕಟ್ಟುವುದು ಇದೇ ಕಾರಣಕ್ಕೆ. ಉಷ್ಣಾಂಶ ಇಷ್ಟು ಓಲಾಡುವುದಿಲ್ಲ, ಒಳ್ಳೆಯ ಪೆಟ್ಟಿಗೆಯಲ್ಲಿ ಜಾಗ ಬದಲಿಸದೆ ಅಳೆದರೆ ಇಪ್ಪತ್ತು ವರ್ಷದಲ್ಲೇ ಏರಿಕೆ ಕಂಡೀತು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯು 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಹೇಳುತ್ತದೆ. ಬಿಸಿಲು ಏರುತ್ತಿದೆ ಎಂಬ ಹಿರಿಯರ ಮಾತಿಗೆ ಆಧಾರವಿದೆ. ಮಳೆಯ ವಿಷಯದಲ್ಲಿ ಅದೇ ವರದಿ 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಕುಗ್ಗಿದ್ದನ್ನು ಗುರುತಿಸುತ್ತದೆ, ಆದರೆ ಆ ಇಳಿಕೆ ಎದ್ದುಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ. ಅದನ್ನು ತಂದು ಚಳ್ಳಕೆರೆಗೆ ಅಂಟಿಸುವುದು ಸರಿಯಲ್ಲ.

ನೆನಪು ಕೂಡ ಮೋಸ ಮಾಡುತ್ತದೆ. 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಜಿಲ್ಲೆಯ ಮಳೆಗಾಲವೇ ಬದಲಾಯಿತೆಂದು ಹಲವರು ಹೇಳಿದರು. ಆದರೆ ಆ ಜಲಾಶಯಕ್ಕೆ ನೀರು ತರುವ ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ, ಮೇಲಾಗಿ ಈಗ ಭದ್ರೆಯ ನೀರನ್ನೂ ಅದಕ್ಕೆ ಎತ್ತಿ ಹರಿಸಲಾಗುತ್ತಿದೆ. ಮರುವರ್ಷವೇ, 2023ರಲ್ಲಿ, ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಬಂದು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಎರಡು ವರ್ಷ ಅಕ್ಕಪಕ್ಕದಲ್ಲಿ ಬರುವ ನಾಡಿನಲ್ಲಿ ಹಳೆಯ ಅಂಕಿಗಳನ್ನೂ ಹುಡುಕಿ ತೆಗೆಯಬೇಕು. ಮೈಸೂರು ಸಂಸ್ಥಾನದ ಕಾಲದಿಂದಲೂ ತಾಲ್ಲೂಕು ಕೇಂದ್ರಗಳಲ್ಲಿ ಮಳೆ ಅಳೆಯುತ್ತಾ ಬಂದಿದ್ದಾರೆ. ಹವಾಮಾನ ಇಲಾಖೆ 1901ರಿಂದ ಈಚಿನ ದೈನಂದಿನ ಮಳೆಯನ್ನು ಸುಮಾರು 27 ಕಿ.ಮೀ. ಚೌಕಗಳಾಗಿ ಹಂಚಿ ಉಚಿತವಾಗಿ ಕೊಡುತ್ತದೆ. ಆ ಚೌಕದ ಅಂಕಿ ಸುತ್ತಲಿನ ಮಾಪಕಗಳ ಮಿಶ್ರಣವಾದ್ದರಿಂದ ಅದರಲ್ಲಿ ಮಳೆಯ ದಿನಗಳು ಹೆಚ್ಚಾಗಿಯೂ ಬಿರುಮಳೆ ಮೊಂಡಾಗಿಯೂ ಕಾಣುತ್ತದೆ ಎಂಬುದನ್ನು ತಿಳಿದು ಬಳಸಬೇಕು.

ಆದರೆ ನಿಮ್ಮ ಸ್ವಂತ ದಾಖಲೆ ಉಪಯೋಗಕ್ಕೆ ಬರಲು 30 ವರ್ಷ ಕಾಯಬೇಕಾಗಿಲ್ಲ. ಐದಾರು ವರ್ಷದಲ್ಲೇ ನಿಮ್ಮ ಹೊಲಕ್ಕೂ ಪಂಚಾಯಿತಿಯ ಮಾಪಕಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಇದಕ್ಕೆ ಗ್ರಾಫ್ ಹಾಳೆಯ ಮೇಲೆ ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. ಅಡ್ಡಗೆರೆಯ ಮೇಲೆ ಸುತ್ತಲಿನ ಮೂರ್ನಾಲ್ಕು ಪಂಚಾಯಿತಿಗಳ ಸರಾಸರಿ ಮಳೆಯನ್ನು ತಿಂಗಳಿಂದ ತಿಂಗಳಿಗೆ ಕೂಡುತ್ತಾ ಹೋಗಬೇಕು, ಉದ್ದಗೆರೆಯ ಮೇಲೆ ನಿಮ್ಮ ಮಾಪಕದ ಮಳೆಯನ್ನು ಹಾಗೆಯೇ ಕೂಡಬೇಕು. ಬಿಂದುಗಳು ಒಂದೇ ನೇರದಲ್ಲಿ ಸಾಗಿದರೆ ಎರಡೂ ಆರೋಗ್ಯವಾಗಿವೆ. ಒಂದು ಹಂತದಲ್ಲಿ ಗೆರೆ ಬಾಗಿ ಹಾಗೆಯೇ ಮುಂದುವರಿದರೆ ಆ ತಿಂಗಳಲ್ಲಿ ಏನೋ ಬದಲಾಗಿದೆ: ಮಾಪಕದ ಜಾಗ, ಪಕ್ಕದ ಮರ, ಒಡೆದ ಆಲಿಕೆ, ಅಥವಾ ಅಳೆಯುವವರು. ಹತ್ತು ವರ್ಷದ ಹೊತ್ತಿಗೆ, ಯಾವ ನಕ್ಷತ್ರದಲ್ಲಿ ಬಿತ್ತಿದ ಶೇಂಗಾಕ್ಕೆ ಕಾಯಿ ಕಟ್ಟುವ ಹಂತದಲ್ಲಿ ಹದಿನಾಲ್ಕು ದಿನ ಮೀರಿದ ಅಂತರ ಎಷ್ಟು ಸಲ ಎದುರಾಯಿತು ಎಂಬುದನ್ನು ಎಣಿಸಬಹುದು. ಹವಾಮಾನ ಬದಲಾಗಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ, ಬಿತ್ತನೆಯ ದಿನ ಹಿಡಿಯುವುದಕ್ಕೆ ಮತ್ತು ತೊಗರಿಯ ಸಾಲುಗಳನ್ನು ಎಷ್ಟು ಹೆಚ್ಚಿಸಬೇಕೆಂದು ನಿರ್ಧರಿಸುವುದಕ್ಕೆ ಸಾಕಾಗುವ ಮಾಹಿತಿ.

ಕೊನೆಯದಾಗಿ ವಿಮೆಯ ಬಗ್ಗೆ ಒಂದು ಮಾತು, ಏಕೆಂದರೆ ನೀವು ಕೇಳದಿದ್ದರೂ ಆ ಪ್ರಶ್ನೆ ಬಂದೇ ಬರುತ್ತದೆ. ದಾಳಿಂಬೆಯಂಥ ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಅಧಿಸೂಚಿತ ಮಾಪಕದ ಅಂಕಿಯಿಂದ. ನಿಮ್ಮ ಪುಸ್ತಕದ ಅಂಕಿಯನ್ನು ಅದರ ಬದಲು ಸ್ವೀಕರಿಸುವುದಿಲ್ಲ. ಆದರೆ ಪಂಚಾಯಿತಿಯ ಮಾಪಕ ಕೆಟ್ಟಿದೆ ಎಂದು ಬಾಯಿಮಾತಿನಲ್ಲಿ ದೂರುವುದಕ್ಕೂ, ಎರಡು ಋತುಗಳ ದೈನಂದಿನ ಅಂಕಿ, ಬಾಗಿದ ಗೆರೆಯ ಗ್ರಾಫ್ ಮತ್ತು ಮಾಪಕದ ಸುತ್ತ ಬೆಳೆದ ಗಿಡಗಂಟಿಯ ಫೋಟೊ ಲಗತ್ತಿಸಿ ತಹಶೀಲ್ದಾರರಿಗೂ ಉಸ್ತುವಾರಿ ಕೇಂದ್ರಕ್ಕೂ ಲಿಖಿತವಾಗಿ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ಇದನ್ನು ಬೆಳೆ ಒಣಗಿದ ಮೇಲೆ ಕೊಡುವ ಬದಲು ಮುಂದಿನ ಬಿತ್ತನೆಗೆ ಮೊದಲೇ, ಮಾಪಕವನ್ನು ಸ್ವಚ್ಛಗೊಳಿಸಿ ಪರೀಕ್ಷಿಸಬೇಕೆಂಬ ಕೋರಿಕೆಯ ರೂಪದಲ್ಲಿ ಕೊಡಿ.